ಹಿತ್ತಲಿನ ಕೊಟ್ಟಿಗೆ



ಮನೆಯ ಹಿತ್ತಲಿನಲ್ಲಿ ಒಂದು ಕೊಟ್ಟಿಗೆಯನ್ನೋ ಸೌದೆಮನೆಯನ್ನೋ ತಗಡು ಹೊದಿಸಿದ ಸಣ್ಣ ಶೆಡ್ಡನ್ನೋ ಎಬ್ಬಿಸುವುದಕ್ಕೆ ಯಾರ ಅಪ್ಪಣೆ ಬೇಕು? ಇಂದಿನ ನನ್ನ ಮಾತಿನ ವಿಷಯ ಇಷ್ಟೇ. ಕನ್ನಡ ಪಾಠ ಹೇಳಿಕೊಂಡಿದ್ದವನಿಗೆ ಈ ಗೊಡವೆ ಏಕೆ ಎಂದು ನೀವು ಕೇಳಬಹುದು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಅಧ್ಯಾಪನ ಮಾಡಿದ ನಾನು, ನಿವೃತ್ತಿಯ ಮರುವರ್ಷ ಹಾಸನದ ನನ್ನ ಮನೆಯ ಹಿಂದೆ ಒಂದು ಶೆಡ್ಡನ್ನು ಕಟ್ಟಿಸಿದೆ. ಆರು ತಿಂಗಳಲ್ಲಿ ಅದನ್ನು ನಾನೇ ಕೀಳಿಸಿದೆ. ಆದುದರಿಂದ ಈ ವಿಷಯವಾಗಿ ಮಾತನಾಡುವ ಅಧಿಕಾರವನ್ನು ದುಡ್ಡು ತೆತ್ತು ಸಂಪಾದಿಸಿಕೊಂಡಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಹೇಮಾವತಿಯ ದಂಡೆಯ ಹಳ್ಳಿಯಲ್ಲಿ. ಅಲ್ಲಿ ಕೊಟ್ಟಿಗೆ ಕಟ್ಟುವುದೆಂದರೆ ನಾಲ್ಕು ಮನೆಯವರ ಕೆಲಸ. ಮುಯ್ಯಾಳುಗಳು ಬಂದು ಕಂಬ ನೆಟ್ಟು, ಗಳ ಕಟ್ಟಿ, ಗರಿ ಹೊದಿಸಿ ಊಟ ಮಾಡಿ ಹೋಗುತ್ತಿದ್ದರು. ಅರ್ಜಿಯಿಲ್ಲ, ನಕ್ಷೆಯಿಲ್ಲ. ಹಾಗೆಂದು ನಿಯಮವೇ ಇರಲಿಲ್ಲವೆಂದು ತಿಳಿಯಬಾರದು. ನಮ್ಮ ಸೂರಿನ ನೀರು ನೆರೆಯವರ ಗೋಡೆಗೆ ಬೀಳಕೂಡದು. ತಿಪ್ಪೆ ಬಾವಿಗೆ ದೂರವಿರಬೇಕು. ಹುಲ್ಲಿನ ಬಣವೆ ಒಲೆಯ ಹೊಗೆಗಂಡಿಯ ಹತ್ತಿರ ಇರಕೂಡದು. ಸಹಾಯಕ್ಕೆ ಬಂದ ಆಳುಗಳಲ್ಲಿ ನೆರೆಯವನೂ ಒಬ್ಬನಾಗಿರುತ್ತಿದ್ದುದರಿಂದ, ತಪ್ಪು ಕಂಬ ನೆಡುವಾಗಲೇ ತಿದ್ದಿಹೋಗುತ್ತಿತ್ತು.

ಈ ತಿಳಿವಳಿಕೆ ಬಹಳ ಹಳೆಯದು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಸೇರಿದ ತಾಳೆಗರಿಯ ಪ್ರತಿಯಿಂದ 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರವನ್ನು ನಾವು ರಾಜನೀತಿಯ ಗ್ರಂಥವೆಂದೇ ಹೊಗಳುತ್ತೇವೆ. ಅದರ ಮೂರನೆಯ ಅಧಿಕರಣದಲ್ಲಿ ಮನೆ ಕಟ್ಟುವವರಿಗೆ ಹೇಳಿದ ಮಾತುಗಳೂ ಇವೆ. ಎರಡು ಮನೆಗಳ ನಡುವೆ ಜಾಗ ಬಿಡಬೇಕು, ನೀರು ಹರಿದುಹೋಗುವ ದಾರಿ ನೆರೆಯವರ ಗೋಡೆಯನ್ನು ಕೆಡಿಸಬಾರದು ಎಂಬ ಕಟ್ಟಳೆಗಳನ್ನು ವಿಧಿಸಿದ ಮೇಲೆ, ಮನೆಯ ಒಡೆಯರು ತಮ್ಮತಮ್ಮೊಳಗೆ ಒಪ್ಪಿಕೊಂಡು ಇಷ್ಟ ಬಂದಂತೆ ಕಟ್ಟಿಕೊಳ್ಳಬಹುದೆಂದೂ ಅವನು ಸಮ್ಮತಿಸುತ್ತಾನೆ. ನಿಯಮ ಇರುವುದು ನೆರೆಯವನಿಗಾಗಿ ಎಂಬ ತತ್ತ್ವ ಇಲ್ಲಿ ಅಡಗಿದೆ.

ಹೊಸ ಕಾಲದಲ್ಲಿ ಈ ತತ್ತ್ವವನ್ನು ನಮಗೆ ಕಲಿಸಿದ್ದು ಪ್ಲೇಗು. 1898ರಲ್ಲಿ ಬೆಂಗಳೂರಿಗೆ ಆ ಮಾರಿ ಬಂದಾಗ, ಗಾಳಿ ಬೆಳಕಿಲ್ಲದೆ ಒಂದಕ್ಕೊಂದು ಅಂಟಿಕೊಂಡ ಮನೆಗಳ ಅಪಾಯ ಎಲ್ಲರ ಕಣ್ಣಿಗೂ ಬಿತ್ತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಲ್ಲಿ ಅಗಲವಾದ ಬೀದಿಗಳು, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳು ಬಂದವು. 1903ರಲ್ಲಿ ಮೈಸೂರಿನಲ್ಲಿ ನಗರ ಸುಧಾರಣೆಗೆಂದೇ ಒಂದು ಮಂಡಲಿ ಹುಟ್ಟಿತು. ಹಿತ್ತಲಿನ ಖಾಲಿ ಜಾಗ ವ್ಯರ್ಥವಾದ ಜಾಗವಲ್ಲ, ಅದು ಊರಿನ ಉಸಿರು ಎಂಬ ಅರಿವಿಗೆ ಅಷ್ಟು ಸಾವುಗಳು ಬೇಕಾದವು.

ಈಗಿನ ಕಾನೂನಿಗೆ ಬರೋಣ. ಪಟ್ಟಣಗಳಲ್ಲಿ ಆಧಾರ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮ ಮತ್ತು ಅದರಡಿಯ ಕಟ್ಟಡ ಉಪವಿಧಿಗಳು. ಹೊಸ ಕಟ್ಟಡಕ್ಕಾಗಲಿ, ಇರುವ ಕಟ್ಟಡವನ್ನು ಬೆಳೆಸುವುದಕ್ಕಾಗಲಿ ಮೊದಲು ಅನುಮತಿ ಪಡೆಯಬೇಕು. ನಿವೇಶನದ ಮುಂದೆ, ಹಿಂದೆ, ಪಕ್ಕಗಳಲ್ಲಿ ಬಿಡಬೇಕಾದ ತೆರೆದ ಜಾಗವನ್ನು ಜನ ಸೆಟ್‌ಬ್ಯಾಕ್ ಎನ್ನುತ್ತಾರೆ. ಇದರ ಮೇಲೆ 1961ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಂತೆ ಊರಿನ ನೆಲವನ್ನು ವಸತಿ, ವಾಣಿಜ್ಯ, ಕೈಗಾರಿಕೆ, ಕೃಷಿ ಎಂದು ವಲಯಗಳಾಗಿ ವಿಂಗಡಿಸಿ ಬಣ್ಣ ಹಚ್ಚಿದ ಮಹಾಯೋಜನೆ ಇರುತ್ತದೆ. ವಸತಿ ವಲಯದ ಹಿತ್ತಲಿನಲ್ಲಿ ಸೌದೆ ಒಟ್ಟುವುದು ಬೇರೆ, ಅಲ್ಲಿಯೇ ಗಿರಣಿ ಹೂಡುವುದು ಬೇರೆ. ಗೋಡೆ ಒಂದೇ ಆದರೂ ಬಳಕೆ ಬದಲಾದರೆ ನಿಯಮವೂ ಬದಲಾಗುತ್ತದೆ.

ಹಳ್ಳಿಗಳಲ್ಲಿ ಅನುಮತಿ ಕೊಡುವುದು ಗ್ರಾಮ ಪಂಚಾಯತಿ. 1993ರ ಪಂಚಾಯತ್ ರಾಜ್ ಅಧಿನಿಯಮದ 64ನೆಯ ಪ್ರಕರಣ ಅದಕ್ಕೆ ಆ ಅಧಿಕಾರವನ್ನು ಕೊಟ್ಟಿದೆ. ಹೊಲ ತೋಟಗಳ ಮಾತು ಇನ್ನೊಂದು. ವ್ಯವಸಾಯದ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಬೇಕಾದರೆ ಭೂಪರಿವರ್ತನೆ ಆಗಬೇಕು. ಆದರೆ ದನ ಕಟ್ಟುವುದಕ್ಕೆ, ಗೊಬ್ಬರ, ಮೇವು, ಉಪಕರಣ, ಫಸಲುಗಳನ್ನು ಇಡುವುದಕ್ಕೆ ರೈತ ತನ್ನ ಜಮೀನಿನಲ್ಲಿ ಕಟ್ಟಿಕೊಳ್ಳುವ ಕಟ್ಟಡವನ್ನು 1964ರ ಭೂಕಂದಾಯ ಅಧಿನಿಯಮ ವ್ಯವಸಾಯದ ಭಾಗವೆಂದೇ ಎಣಿಸುತ್ತದೆ. ಅದರ 95ನೆಯ ಪ್ರಕರಣ ಈ ಹಕ್ಕನ್ನು ಕಾಯ್ದಿರಿಸಿದೆ. ಚನ್ನರಾಯಪಟ್ಟಣದ ಕಡೆಯ ರೈತ ತೋಟದ ಮಗ್ಗುಲಲ್ಲಿ ಕೊಬ್ಬರಿಗೆಂದು ಕಾಯಿ ಕೂಡಿಡುವ ಮನೆ ಈ ಬಗೆಯದು. ಅದೇ ಮನೆ ರಸ್ತೆಯ ಕಡೆಗೆ ಬಾಗಿಲು ತೆಗೆದು ಹೋಟೆಲಾದರೆ ಆ ರಕ್ಷಣೆ ತಪ್ಪುತ್ತದೆ.

ಅರಕಲಗೂಡು ತಾಲ್ಲೂಕಿನಲ್ಲಿ ಇನ್ನೊಂದು ಬಗೆಯ ಕಟ್ಟಡವನ್ನು ಕಾಣುತ್ತೇವೆ. ಹೊಗೆಸೊಪ್ಪನ್ನು ಹದಗೊಳಿಸುವ ಎತ್ತರದ ಆ ಮನೆಗೆ ರೈತರು ಬ್ಯಾರನ್ ಎನ್ನುತ್ತಾರೆ. ಒಳಗೆ ಸೊಪ್ಪಿನ ಕಡ್ಡಿಗಳನ್ನು ಸಾಲಾಗಿ ತೂಗುಹಾಕಿ, ಹೊರಗಿನ ಒಲೆಯ ಕಾವನ್ನು ಕೊಳವೆಗಳಲ್ಲಿ ಹಾಯಿಸಿ ದಿನಗಟ್ಟಲೆ ಒಣಗಿಸುತ್ತಾರೆ. 1975ರ ತಂಬಾಕು ಮಂಡಳಿ ಅಧಿನಿಯಮದಂತೆ ಬೆಳೆಗಾರ ನೋಂದಣಿ ಮಾಡಿಸಬೇಕು. ಬ್ಯಾರನ್ ನಡೆಸುವುದಕ್ಕೂ ಮಂಡಳಿಯ ಪರವಾನಗಿ ಬೇಕು. ಈ ಪರವಾನಗಿಯ ಉದ್ದೇಶ ಬೆಳೆಯ ಪ್ರಮಾಣವನ್ನು ಹಿಡಿತದಲ್ಲಿಡುವುದು. ಬೆಂಕಿಯ ಭಯದಿಂದ ಬ್ಯಾರನ್ನನ್ನು ಮನೆಯಿಂದ ದೂರವಿಡುವುದನ್ನು ರೈತ ಅನುಭವದಿಂದಲೇ ಕಲಿತಿದ್ದಾನೆ. ಕಾಗದದ ನಿಯಮವೂ ಬಾಳಿನ ನಿಯಮವೂ ಯಾವಾಗಲೂ ಒಂದೇ ಆಗಿರುವುದಿಲ್ಲ, ಎರಡೂ ಬೇಕು.

ಇನ್ನು ನನ್ನ ಕಥೆ. ನನ್ನ ಶೆಡ್ಡು ಹತ್ತಡಿಗೆ ಹನ್ನೆರಡಡಿ. ಹೆಚ್ಚಾದ ಪುಸ್ತಕಗಳನ್ನೂ ಗುದ್ದಲಿ ಸನಿಕೆಗಳನ್ನೂ ಇಡುವುದಕ್ಕೆಂದು ಕಾಂಪೌಂಡು ಗೋಡೆಯನ್ನೇ ಒಂದು ಗೋಡೆಯಾಗಿ ಮಾಡಿಕೊಂಡು ಕಟ್ಟಿಸಿದೆ. ಅನುಮತಿ ಕೇಳಲಿಲ್ಲ. ತಗಡಿನ ಶೆಡ್ಡಿಗೆ ಎಂಥ ಅನುಮತಿ ಎಂದು ಮೇಸ್ತ್ರಿ ನಕ್ಕ, ನಾನೂ ನಕ್ಕೆ. ಹಿಂದಿನ ಮನೆಯಲ್ಲಿ ಪ್ರಾಥಮಿಕ ಶಾಲೆಯಿಂದ ನಿವೃತ್ತರಾದ ಒಬ್ಬ ತಾಯಿ ಒಂಟಿಯಾಗಿದ್ದರು. ಆಷಾಢದ ಒಂದು ಬೆಳಗ್ಗೆ ಯಾವುದೋ ಕೆಲಸಕ್ಕೆಂದು ಅವರಲ್ಲಿಗೆ ಹೋದಾಗ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು.

“ಏನಮ್ಮಾ, ಹಗಲಿನಲ್ಲೇ ದೀಪ?” ಎಂದೆ.

“ಹೋಗಲಿ ಬಿಡಿ ಮೇಷ್ಟ್ರೇ, ಕರೆಂಟು ಇದೆಯಲ್ಲ” ಎಂದರು.

ಆಗ ಕಿಟಕಿಯ ಕಡೆ ನೋಡಿದೆ. ಅದರ ಮುಂದೆ ನನ್ನ ತಗಡು ಇತ್ತು. ಅದರ ಮೇಲಿಂದ ಇಳಿದ ಮಳೆಯ ನೀರು ಅವರ ತುಳಸಿಕಟ್ಟೆಯ ಬುಡವನ್ನು ಕೊರೆದಿತ್ತು. ಆರು ತಿಂಗಳು ಆಕೆ ಒಂದು ಮಾತು ಆಡಿರಲಿಲ್ಲ.

ಆಮೇಲೆ ಕಾನೂನನ್ನು ಓದಿದೆ. 1882ರ ಅನುಭೋಗದ ಹಕ್ಕುಗಳ ಅಧಿನಿಯಮದಂತೆ, ಕಿಟಕಿಯ ಬೆಳಕನ್ನು 20 ವರ್ಷ ತಡೆಯಿಲ್ಲದೆ ಅನುಭವಿಸಿದವರಿಗೆ ಅದು ಹಕ್ಕಾಗಬಲ್ಲುದು. ಆಕೆಯ ಮನೆಗೆ ಆಗಿದ್ದುದು ಹನ್ನೆರಡೇ ವರ್ಷ. ಆ ದಾರಿಯಲ್ಲಿ ಆಕೆ ನ್ಯಾಯಾಲಯಕ್ಕೆ ಹೋಗಿದ್ದರೆ ಗೆಲುವು ನನ್ನದಾಗುತ್ತಿತ್ತೇನೋ. ಆಕೆಯ ಬೆಳಕನ್ನು ಕಾಯುತ್ತಿದ್ದುದು ನನ್ನ ನಕ್ಷೆಯಲ್ಲಿ ಹಿತ್ತಲಿನ ಕಡೆ ಖಾಲಿ ಎಂದು ಬರೆದಿದ್ದ ಒಂದು ಗೆರೆ ಮಾತ್ರ. ದಾವೆ ಹೂಡಲಾರದವರಿಗೂ ಜಗಳ ಆಡಲಾರದವರಿಗೂ ಆ ಗೆರೆಯೇ ವಕೀಲ. ಅದನ್ನು ನಾನು ಅಳಿಸಿದ್ದೆ.

ಸಕ್ರಮ ಆಗುತ್ತದೆ, ಸುಮ್ಮನಿರಿ ಎಂದು ಸ್ನೇಹಿತರು ಹೇಳಿದರು. ನಗರಗಳಲ್ಲಿ ಉಪವಿಧಿ ಮೀರಿದ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಯೋಜನೆಗೆ 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಅದೇನೇ ಇರಲಿ, ದಂಡ ಸಲ್ಲುವುದು ಸರ್ಕಾರಕ್ಕೆ. ಕತ್ತಲೆ ಉಳಿಯುವುದು ಆಕೆಯ ಅಡುಗೆಮನೆಯಲ್ಲಿ. ಶೆಡ್ಡನ್ನು ಕೀಳಿಸಿದೆ. ಪುಸ್ತಕಗಳನ್ನು ನಮ್ಮ ಊರಿನ ಗ್ರಂಥಾಲಯಕ್ಕೆ ಕೊಟ್ಟೆ. ಗುದ್ದಲಿ ಸನಿಕೆಗಳು ಮೆಟ್ಟಿಲ ಕೆಳಗೆ ಸೇರಿದವು.

ನಿಯಮಗಳೆಲ್ಲ ಸರಿಯಾಗಿವೆಯೆಂದು ನಾನು ಹೇಳಲಾರೆ. ಎರಡು ಹಸುವಿನ ಕೊಟ್ಟಿಗೆಗೆ ಖಾತೆಯ ಪ್ರತಿ, ನಕ್ಷೆ, ಶುಲ್ಕ ಎಂದು ಬಡವನನ್ನು ಹತ್ತು ಬಾರಿ ಅಲೆಸುವುದು ನ್ಯಾಯವಲ್ಲ. ಸಣ್ಣ ಕಟ್ಟಡಕ್ಕೆ ಸುಲಭವಾದ ದಾರಿಯಿರಬೇಕು. ಕಚೇರಿಯ ಬಾಗಿಲಲ್ಲಿ ತಿಳಿಗನ್ನಡದಲ್ಲಿ ಬರೆದ ಒಂದು ಹಲಗೆ ಇರಬೇಕು. ಆದರೆ ಅರ್ಜಿ ಹಾಕುವ ಮುನ್ನ ನಾವು ಮಾಡಬಹುದಾದ ಕೆಲಸವೊಂದಿದೆ, ಅದಕ್ಕೆ ಶುಲ್ಕವಿಲ್ಲ. ಗಾರೆ ಕಲಸುವ ಮುಂಚೆ ಒಮ್ಮೆ ನೆರೆಮನೆಯ ಒಳಗೆ ಹೋಗಿ, ಅವರ ಕಿಟಕಿಯಿಂದ ನಮ್ಮ ಹಿತ್ತಲನ್ನು ನೋಡಿ ಬರುವುದು. ನಾನು ಅದನ್ನು ಆರು ತಿಂಗಳು ತಡವಾಗಿ ಮಾಡಿದೆ. ನೀವು ಮೊದಲೇ ಮಾಡಿ.