ತಲೆಬುರುಡೆಯಲ್ಲಿ ಇಲ್ಲದ ಕುಲ



ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಕೇಳುವ, ಕೃಷ್ಣಗಿರಿ ಜಿಲ್ಲೆಯ ಕೆಲಮಂಗಲದಲ್ಲಿ ಮನುಷ್ಯನ ತಲೆಬುರುಡೆಯನ್ನು ಕುರಿತು ಗೋಷ್ಠಿ ನಡೆಯುತ್ತಿದೆ. ಇಂಥ ಗಡಿಸೀಮೆಯಲ್ಲಿ ಯಾರು ಮೂಲದವರು, ಯಾರು ವಲಸೆ ಬಂದವರು ಎಂಬ ವಾದ ಆಗಾಗ ಏಳುತ್ತಲೇ ಇರುತ್ತದೆ. ವಾದಕ್ಕೆ ಶಾಸನ, ವೀರಗಲ್ಲು, ಊರ ಹೆಸರುಗಳು ಸಾಲದೆ ಹೋದಾಗ ಕೆಲವರು ನೆಲದಡಿಯ ಎಲುಬಿನ ಕಡೆಗೆ ಕೈ ತೋರಿಸುತ್ತಾರೆ. ಆ ವ್ಯಕ್ತಿ ಹೇಗೆ ಬದುಕಿದ, ಏನು ತಿಂದ, ಎಂಥ ನೀರು ಕುಡಿದ ಎಂಬುದನ್ನು ತಲೆಬುರುಡೆ ಚೆನ್ನಾಗಿ ಹೇಳಬಲ್ಲದು. ಅವನ ಕುಲ ಯಾವುದು, ಮನೆಮಾತು ಯಾವುದು ಎಂಬುದನ್ನು ಅದರ ಆಕಾರ ಹೇಳಲಾರದು. ನೂರು ವರ್ಷಕ್ಕೂ ಹೆಚ್ಚು ಕಾಲ ವಿದ್ವಾಂಸರು ಮೊದಲನೆಯದನ್ನು ಬಿಟ್ಟು ಎರಡನೆಯದನ್ನೇ ಕೇಳುತ್ತ ಕೂತರು ಎಂಬುದು ನನ್ನ ವಾದ.

ರಚನೆಯಿಂದಲೇ ಶುರುಮಾಡೋಣ. ಬೆಳೆದವರ ತಲೆಬುರುಡೆಯಲ್ಲಿ 22 ಮೂಳೆಗಳು. ಮಿದುಳನ್ನು ಕಾಯುವವು 8: ಹಣೆಯದು ಒಂದು, ನೆತ್ತಿಯ ಎರಡು ಪಕ್ಕದವು, ಕಣತಲೆಯ ಎರಡು, ಹಿಂದಲೆಯದು ಒಂದು, ಒಳಗೆ ಅಡಗಿರುವ ಸ್ಫೀನಾಯ್ಡ್ ಮತ್ತು ಎತ್ಮಾಯ್ಡ್. ಉಳಿದ 14 ಮುಖದವು. ಪುಸ್ತಕದ ಚಿತ್ರ ನೋಡಿದವರಿಗೆ ಇದು ಗಟ್ಟಿ ಪೆಟ್ಟಿಗೆಯಂತೆ ಕಾಣುತ್ತದೆ. ಹುಟ್ಟುವಾಗ ಅದು ಹಾಗಿರುವುದಿಲ್ಲ. ಹಣೆಯ ಮೂಳೆ ಆಗ ಎರಡು ಹೋಳು, ಕೆಳದವಡೆಯೂ ಎರಡು ಹೋಳು. ನೆತ್ತಿಯ ಮುಂಭಾಗದಲ್ಲಿ ಮೂಳೆಯೇ ಇಲ್ಲದ ಮೆತ್ತನೆಯ ಜಾಗ ಸುಮಾರು ಒಂದೂವರೆ ವರ್ಷದವರೆಗೂ ತೆರೆದಿರುತ್ತದೆ. ಅಲ್ಲಿ ಬಡಿಯುವ ನಾಡಿಯನ್ನು ಬಾಣಂತಿ ಕೋಣೆಯಲ್ಲಿ ಎಲ್ಲರೂ ಕಂಡವರೇ. ಹೆರಿಗೆಯ ಹಾದಿಯಲ್ಲಿ ಮೂಳೆಗಳು ಒಂದರ ಮೇಲೊಂದು ಸರಿದು ತಲೆ ಹೊರಬರಲು ಈ ಸಡಿಲವೇ ಕಾರಣ. ಆಮೇಲೂ ಮೂಳೆಗಳ ನಡುವಿನ ಹೊಲಿಗೆಗಳು ವರ್ಷಗಟ್ಟಲೆ ಬೆಳವಣಿಗೆಗೆ ಎಡೆ ಕೊಡುತ್ತವೆ. ಆದ್ದರಿಂದ ತಲೆಯ ಆಕಾರ ತಾಯಿತಂದೆಯಿಂದ ಬಂದದ್ದಷ್ಟೇ ಅಲ್ಲ, ಮಗುವನ್ನು ಹೇಗೆ ಮಲಗಿಸಿದರು ಎಂಬುದೂ ಅದರಲ್ಲಿ ಸೇರಿರುತ್ತದೆ. ನಮ್ಮ ಅಜ್ಜಿಯರು ಇದನ್ನು ಯಾವ ಕಾಲೇಜಿನಲ್ಲೂ ಕಲಿತವರಲ್ಲ. ತಲೆ ದುಂಡಗಾಗಲಿ ಎಂದು ಕೂಸಿಗೆ ಸಾಸಿವೆ ತುಂಬಿದ ದಿಂಬು ಇಟ್ಟರು, ಎಣ್ಣೆನೀರಿನ ಹೊತ್ತಿನಲ್ಲಿ ಅಂಗೈಯಿಂದ ಹಿಂದಲೆಯನ್ನು ಮೃದುವಾಗಿ ಒತ್ತಿದರು. ಮಕ್ಕಳ ವೈದ್ಯರು ಇಂದು ದಿಂಬೂ ಬೇಡ, ಒತ್ತುವುದೂ ಬೇಡ ಎನ್ನುತ್ತಾರೆ, ಅದು ಸರಿಯೇ. ಆದರೆ ಆಕಾರ ಬಗ್ಗುತ್ತದೆ ಎಂಬ ಅಜ್ಜಿಯರ ತಿಳಿವಳಿಕೆ ತಪ್ಪಲ್ಲ. ಅಮೆರಿಕದಲ್ಲಿ 1992ರಲ್ಲಿ, ಮಲಗಿದ್ದಲ್ಲೇ ಸಾಯುವ ಕೂಸುಗಳನ್ನು ಉಳಿಸಲು, ಮಕ್ಕಳನ್ನು ಬೋರಲು ಮಲಗಿಸಬೇಡಿ ಎಂದು ವೈದ್ಯರು ಸಾರಿದರು. 1994ರಲ್ಲಿ ಅದು ದೇಶವ್ಯಾಪಿ ಪ್ರಚಾರವಾಯಿತು. ಸಾವುಗಳು ತೀರಾ ಇಳಿದವು, ಜೊತೆಗೆ ಹಿಂದಲೆ ಚಪ್ಪಟೆಯಾದ ಮಕ್ಕಳ ಸಂಖ್ಯೆ ಏರಿತು. ಜನ ಬದಲಾಗಲಿಲ್ಲ, ರಕ್ತ ಬದಲಾಗಲಿಲ್ಲ. ಮಲಗುವ ಭಂಗಿ ಬದಲಾಯಿತು, ಅಷ್ಟೇ.

ಈ ಬಗ್ಗುವ ವಸ್ತುವಿನ ಮೇಲೆ ಹತ್ತೊಂಬತ್ತನೆಯ ಶತಮಾನ ಬಗ್ಗದ ಲೆಕ್ಕವನ್ನು ಹೇರಿತು. ಸ್ವೀಡನ್ನಿನ ಆಂಡರ್ಸ್ ರೆಟ್ಸಿಯಸ್ 1840ರ ದಶಕದಲ್ಲಿ ತಂದ ಸೂಚ್ಯಂಕ ಸರಳ: ತಲೆಯ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸುವುದು. ಮುಂದೆ ನೆಲೆನಿಂತ ವಿಂಗಡಣೆಯಲ್ಲಿ 75ಕ್ಕಿಂತ ಕಡಿಮೆಯಾದರೆ ನೀಳತಲೆ, 80 ದಾಟಿದರೆ ಗುಂಡುತಲೆ, ನಡುವಿನದು ಮಧ್ಯಮ. 18 ಸೆಂಟಿಮೀಟರ್ ಉದ್ದದ ಒಂದು ತಲೆ 14.2 ಸೆಂಟಿಮೀಟರ್ ಅಗಲವಿದ್ದರೆ ಸೂಚ್ಯಂಕ 78.9, ಅದೇ ತಲೆ 14.5 ಅಗಲವಿದ್ದರೆ 80.6. ಮೂರೇ ಮಿಲಿಮೀಟರಿಗೆ ಮನುಷ್ಯ ಒಂದು ವರ್ಗದಿಂದ ಇನ್ನೊಂದಕ್ಕೆ ಹಾರಿಬಿಟ್ಟ. ತೊಟ್ಟಿಲಿನ ದಿಂಬು ಮಾಡಬಲ್ಲ ವ್ಯತ್ಯಾಸ ಅದಕ್ಕಿಂತ ಚಿಕ್ಕದಲ್ಲ. ಬ್ರಿಟಿಷ್ ಅಧಿಕಾರಿ ಹರ್ಬರ್ಟ್ ರಿಸ್ಲೆ ಇದೇ ಅಳತೆಗಾಗಿ ಕ್ಯಾಲಿಪರ್ ಹಿಡಿದು ಇಡೀ ಭಾರತವನ್ನು ಏಳು ಮಾದರಿಗಳಾಗಿ ಹಂಚಿದ. ಮರಾಠರ ಜೊತೆಗೆ ನಮ್ಮ ಕೊಡವರ ತಲೆಯೂ ಅಗಲ ಎಂದು ಕಂಡದ್ದರಿಂದ ಅವರನ್ನು ಮಧ್ಯ ಏಷ್ಯದ ಸಿಥಿಯನ್ನರೂ ದ್ರಾವಿಡರೂ ಬೆರೆತ ಜನ ಎಂದು ಬರೆದ. ಸಿಥಿಯನ್ನರು ಕೊಡಗಿನವರೆಗೆ ಬಂದದ್ದಕ್ಕೆ ಶಾಸನವೂ ಇಲ್ಲ, ನಾಣ್ಯವೂ ಇಲ್ಲ. ಬುರುಡೆಯ ಹೆಸರಿನಲ್ಲಿ ಬಿಟ್ಟ ಬುರುಡೆ ಎನ್ನಬೇಕಷ್ಟೆ. ಈ ಸೀಮೆಯ ಹೊಸೂರು, ಕೃಷ್ಣಗಿರಿಗಳೆಲ್ಲ ಆಗ ಮದರಾಸು ಪ್ರಾಂತ್ಯದ ಸೇಲಂ ಜಿಲ್ಲೆಯಲ್ಲಿದ್ದವು. ಮದರಾಸು ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ ಪ್ರಾಂತ್ಯದ ಜಾತಿಗಳ ತಲೆ, ಮೂಗುಗಳನ್ನು ಅಳೆದು 1909ರಲ್ಲಿ ಏಳು ಸಂಪುಟ ಹೊರತಂದ. ಗಡಿಯಾಚೆ ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ. ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ‘ಮೈಸೂರ್ ಟ್ರೈಬ್ಸ್ ಅಂಡ್ ಕಾಸ್ಟ್ಸ್’ ಗ್ರಂಥದ 1935ರ ಸಂಪುಟಕ್ಕೆ ಮೈಸೂರಿನ ಜನಾಂಗ ಚರಿತ್ರೆಯನ್ನು ಬರೆದುಕೊಟ್ಟವನು ಆಗಿನ ಜರ್ಮನಿಯ ಬ್ರೆಸ್ಲೌ ನಗರದ ಎಗಾನ್ ಫಾನ್ ಐಕ್‌ಸ್ಟೆಟ್. ಹಿಟ್ಲರನ ಆಡಳಿತದಲ್ಲಿ ಅವನದು ಜನಾಂಗವಿಜ್ಞಾನದ ದೊಡ್ಡ ಹೆಸರುಗಳಲ್ಲಿ ಒಂದು. ನಮ್ಮ ಗ್ರಂಥಾಲಯಗಳಲ್ಲಿ ಆ ಸಂಪುಟವನ್ನು ತೆರೆಯುವವರು ಈ ಹಿನ್ನೆಲೆಯನ್ನೂ ತಿಳಿದಿರಬೇಕು. ಇಷ್ಟರಲ್ಲೇ, 1932ರಲ್ಲಿ, ಮುಂಬೈಯ ಸಮಾಜಶಾಸ್ತ್ರಜ್ಞ ಜಿ. ಎಸ್. ಘುರ್ಯೆ ರಿಸ್ಲೆಯ ಅಂಕಿಅಂಶಗಳನ್ನೇ ಮತ್ತೆ ಜಾಲಾಡಿ, ಗಂಗಾ ಬಯಲಿನ ಒಂದು ಭಾಗ ಬಿಟ್ಟರೆ ಬೇರೆಲ್ಲೂ ಜಾತಿಯ ಮೇಲುಕೀಳಿಗೂ ದೇಹದ ಅಳತೆಗೂ ತಾಳೆಯಾಗದು ಎಂದು ತೋರಿಸಿದ್ದರು.

ತಲೆಯ ಅಳತೆಯಲ್ಲಿ ವಂಶದ ಪಾಲೇ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಅಮೆರಿಕದ ಮಾನವಶಾಸ್ತ್ರಜ್ಞ ಫ್ರಾನ್ಜ್ ಬೋಆಸ್ ಅಲ್ಲಿಗೆ ಬಂದ ವಲಸಿಗರೂ ಅವರ ಮಕ್ಕಳೂ ಸೇರಿ ಸುಮಾರು 18,000 ಜನರನ್ನು ಅಳೆದು, ಅಮೆರಿಕದಲ್ಲಿ ಹುಟ್ಟಿದ ಮಕ್ಕಳ ತಲೆ ಹೆತ್ತವರ ತಲೆಗಿಂತ ಬೇರೆಯಾಗಿದೆ ಎಂದು 1912ರ ಹೊತ್ತಿಗೆ ಪ್ರಕಟಿಸಿದ. ಪೂರ್ವ ಯೂರೋಪಿನ ಯಹೂದಿ ಮಕ್ಕಳ ತಲೆ ನೀಳವಾಗುತ್ತ, ಸಿಸಿಲಿಯವರ ಮಕ್ಕಳದ್ದು ಗುಂಡಾಗುತ್ತ ಇದ್ದವು. 2002ರಲ್ಲಿ ಇಬ್ಬರು ಸಂಶೋಧಕರು ಆ ಅಂಕಿಗಳನ್ನೇ ಮರುಲೆಕ್ಕ ಹಾಕಿ, ಬದಲಾವಣೆ ಚಿಕ್ಕದು, ವಂಶದ ಪಾಲೇ ದೊಡ್ಡದು ಎಂದರು. ಮರುವರ್ಷವೇ ಇನ್ನೊಂದು ತಂಡ ಬೋಆಸ್ ಹೇಳಿದ್ದೇ ಸರಿ ಎಂದಿತು. ಜಗಳದಲ್ಲಿ ಯಾರ ಪಕ್ಷ ಹಿಡಿದರೂ ನನ್ನ ವಾದಕ್ಕೆ ನಷ್ಟವಿಲ್ಲ. ವಂಶದಿಂದ ಬರುವ ವ್ಯತ್ಯಾಸ ಜಾತಿಗಳ ಬೇಲಿಯಲ್ಲಿ ನಿಲ್ಲುವುದಿಲ್ಲ. ಮಾನವಶಾಸ್ತ್ರಜ್ಞ ಜಾನ್ ರೆಲೆತ್‌ಫರ್ಡ್ 1994ರಲ್ಲಿ ಜಗತ್ತಿನ ಹಲವು ಪ್ರದೇಶಗಳ ತಲೆಬುರುಡೆಗಳ ಅಳತೆ ಹೋಲಿಸಿದಾಗ, ಒಟ್ಟು ವ್ಯತ್ಯಾಸದ ಬಹುಪಾಲು ಪ್ರತಿಯೊಂದು ಜನಸಮುದಾಯದ ಒಳಗೇ ಇತ್ತು; ಖಂಡಖಂಡಗಳ ನಡುವೆ ಉಳಿದದ್ದು ಸಣ್ಣ ಪಾಲು. ಖಂಡಗಳ ನಡುವೆಯೇ ಇಷ್ಟಾದರೆ, ಒಂದೇ ಕೆರೆಯ ನೀರು ಹಂಚಿಕೊಂಡ ಎರಡು ಕೇರಿಗಳ ನಡುವೆ ಎಷ್ಟು ಉಳಿದೀತು?

ಇದಕ್ಕಿಂತ ಸರಳವಾದ ಸಾಕ್ಷಿ ವೈದ್ಯಕೀಯ ಕಾಲೇಜುಗಳ ಕಪಾಟಿನಲ್ಲಿದೆ. ಭಾರತ ಸರ್ಕಾರ 1985ರಲ್ಲಿ ಮಾನವ ಅಸ್ಥಿಪಂಜರಗಳ ರಫ್ತನ್ನು ನಿಷೇಧಿಸುವವರೆಗೆ, ಲಂಡನ್ನಿನಿಂದ ಷಿಕಾಗೋವರೆಗೆ ಅಂಗರಚನೆ ಕಲಿಯುವವರ ಕೈಗೆ ಬರುತ್ತಿದ್ದ ಬುರುಡೆಗಳಲ್ಲಿ ಬಹಳಷ್ಟು ಕಲ್ಕತ್ತದ ವ್ಯಾಪಾರಿಗಳ ಮೂಲಕ ಹೋದವು. ಬಡವರ ಹೆಣಗಳು ಹಾಗೆ ಮಾರಾಟವಾದದ್ದು ನಾಚಿಕೆಗೇಡಿನ ಕತೆ; ಅದನ್ನು ಈ ಗೋಷ್ಠಿಯ ಬೇರೊಂದು ಅಧಿವೇಶನ ಚರ್ಚಿಸಲಿ. ಇಲ್ಲಿ ನನಗೆ ಬೇಕಾದದ್ದು ಇಷ್ಟು: ಪೂರ್ವ ಭಾರತದ ಬುರುಡೆ ಹಿಡಿದು ನರಗಳ ಕಿಂಡಿಗಳನ್ನು ಕಲಿತ ಶಸ್ತ್ರವೈದ್ಯ ಸ್ಕಾಟ್ಲೆಂಡಿನ ರೋಗಿಯ ತಲೆ ತೆರೆದಾಗ ದಾರಿ ತಪ್ಪಲಿಲ್ಲ. ಹಣೆ, ನೆತ್ತಿ, ಕಣತಲೆ, ಸ್ಫೀನಾಯ್ಡ್ ನಾಲ್ಕೂ ಕೂಡುವ ತೆಳುವಾದ ಜಾಗ, ಅದರ ಒಳಮೈಗೆ ಅಂಟಿ ಹರಿಯುವ ರಕ್ತನಾಳ ಅವನಿಗೆ ಅಲ್ಲೇ ಸಿಕ್ಕವು. ಹೊಸೂರು ರಸ್ತೆಯಲ್ಲಿ ಹೆಲ್ಮೆಟ್ ಇಲ್ಲದೆ ಬಿದ್ದವನ ಕಣತಲೆಯಲ್ಲಿ ಒಡೆಯುವುದೂ ಎಷ್ಟೋ ಸಲ ಅದೇ ನಾಳ.

ಹಾಗಾದರೆ ಬುರುಡೆ ಹೇಳುವುದೇನು? ಬಹಳ ಇದೆ. ಹಲ್ಲಿನ ಬೆಳವಣಿಗೆಯಿಂದ ಮಗುವಿನ ವಯಸ್ಸು ತಿಳಿಯುತ್ತದೆ. ಹುಬ್ಬಿನ ಉಬ್ಬು, ಕಿವಿಯ ಹಿಂದಿನ ದಪ್ಪ ಮೊನೆಗಳಿಂದ ಹೆಣ್ಣೋ ಗಂಡೋ ಎಂಬುದನ್ನು ಬಹುಮಟ್ಟಿಗೆ ಊಹಿಸಬಹುದು. ಕಣ್ಣುಗೂಡಿನ ಮೇಲ್ಛಾವಣಿಯಲ್ಲಿ ಸಣ್ಣ ತೂತುಗಳಿದ್ದರೆ ಬಾಲ್ಯದ ರಕ್ತಹೀನತೆಯೋ ಕಾಯಿಲೆಯೋ ಇದ್ದಿರಬಹುದು. ದವಡೆ ಊಟದ ಕತೆ ಹೇಳುತ್ತದೆ. ಮೆತ್ತನೆಯ ಊಟ ಉಂಡು ಬೆಳೆದವರ ದವಡೆ ಕಿರಿದಾಗಿ ಹಲ್ಲುಗಳು ಒತ್ತೊತ್ತಾಗುತ್ತವೆ ಎಂದು ಮಾನವಶಾಸ್ತ್ರಜ್ಞ ರಾಬರ್ಟ್ ಕೊರುಚ್ಚಿನಿ ಉತ್ತರ ಭಾರತದ ಹಳ್ಳಿ ಮತ್ತು ಪೇಟೆಯ ಯುವಕರನ್ನು ಹೋಲಿಸಿ ತೋರಿಸಿದ್ದಾರೆ. (ಮುದ್ದೆ ಅಗಿಯದೆ ನುಂಗುವ ನಮ್ಮ ಸೀಮೆಯ ದವಡೆಗಳ ಬಗ್ಗೆ ಅಂಥದೊಂದು ಅಧ್ಯಯನ ನಡೆದರೆ ಸೊಗಸು.) ಇನ್ನು ನೀರು. ಕೃಷ್ಣಗಿರಿ, ಧರ್ಮಪುರಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಬಂದದ್ದೇ ಅದಕ್ಕಾಗಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಏಳೆಂಟು ವರ್ಷದೊಳಗೆ ಕುಡಿದು ಬೆಳೆದವರ ಬಾಚಿಹಲ್ಲಿನ ಮೇಲೆ ಸುಣ್ಣ ಬಳಿದಂತೆ ಬಿಳಿ ಗೆರೆ, ಮುಂದೆ ಕಂದು ಕಲೆ. ಆ ಕಲೆ ಸಾಯುವವರೆಗೂ, ಸತ್ತ ಮೇಲೂ ಹೋಗದು. ಅದು ಒಕ್ಕಲಿಗರ ಹಲ್ಲು, ಇರುಳರ ಹಲ್ಲು ಎಂದು ನೋಡಿ ಬರುವುದಿಲ್ಲ.

ಎರಡು ಆಕ್ಷೇಪಗಳಿಗೆ ಉತ್ತರಿಸಲೇಬೇಕು. ನ್ಯಾಯವೈದ್ಯಶಾಸ್ತ್ರದಲ್ಲಿ ಬುರುಡೆ ಅಳೆದು ವ್ಯಕ್ತಿಯ ಮೂಲ ಹೇಳುತ್ತಾರಲ್ಲ ಎಂಬುದು ಮೊದಲನೆಯದು. ಹೇಳುತ್ತಾರೆ, ಖಂಡದ ಮಟ್ಟದಲ್ಲಿ, ಸಂಭವನೀಯತೆಯ ಲೆಕ್ಕದಲ್ಲಿ, ಹೋಲಿಕೆಗೆ ಸಂಗ್ರಹ ಇದ್ದಾಗ. ಆ ಪದ್ಧತಿ ಬಿಡಬೇಕೆ ಎಂದು ಅಮೆರಿಕದ ತಜ್ಞರೇ ಈಗ ವಾದಕ್ಕಿಳಿದಿದ್ದಾರೆ. ಅದರಿಂದ ಜಾತಿಗೆ, ಭಾಷೆಗೆ ಇಳಿಯುವ ಮೆಟ್ಟಿಲು ಇಲ್ಲ. ಎರಡನೆಯದು ಹೆಚ್ಚು ಬಲವಾದದ್ದು: ಪ್ರಾಚೀನ ಡಿಎನ್‌ಎ. ಕಣತಲೆಯ ಮೂಳೆಯಲ್ಲಿ ಒಳಗಿವಿಯನ್ನು ಸುತ್ತಿದ ಭಾಗ ದೇಹದಲ್ಲೇ ಅತಿ ಸಾಂದ್ರ. ಬಿಸಿನಾಡಿನಲ್ಲೂ ಡಿಎನ್‌ಎ ಅಲ್ಲಿ ಉಳಿದಿರುವ ಸಾಧ್ಯತೆ ಹೆಚ್ಚು. ಸಿಂಧೂ ನಾಗರಿಕತೆಯ ನೆಲೆ ರಾಖಿಗಢಿಯ ಬಗ್ಗೆ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರವತ್ತಕ್ಕೂ ಹೆಚ್ಚು ಮಾದರಿ ಪರೀಕ್ಷಿಸಿ ಒಬ್ಬಳೇ ಹೆಂಗಸಿನ ಜೀನೋಮ್ ಕೈಗೆ ಸಿಕ್ಕಿತು. ಅದು ಪೂರ್ವಜರ ಬೆರಕೆಯನ್ನು ಹೇಳಿತು. ಅವಳಾಡಿದ ಮಾತು ಯಾವುದೆಂಬ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಗಮನಿಸಿ, ಅಲ್ಲಿ ಉತ್ತರ ಕೊಟ್ಟದ್ದು ಮೂಳೆಯ ಆಕಾರವಲ್ಲ, ಅದರೊಳಗಿನ ಅಣು.

ಇದೆಲ್ಲ ಇಲ್ಲಿಗೇ ಸಲ್ಲುವ ಮಾತು: ನಮ್ಮ ಕೃಷ್ಣಗಿರಿ ಜಿಲ್ಲೆ ಕಲ್ಗೋರಿಗಳ ನಾಡು. ಮಲ್ಲಚಂದ್ರದ ಬೆಟ್ಟದ ಮೇಲೆ ಅವು ಗುಂಪುಗುಂಪಾಗಿ ನಿಂತಿವೆ. ಮಯಿಲಾಡುಂಪಾರೆಯ ಕಬ್ಬಿಣದ ಕಾಲ ಕ್ರಿ.ಪೂ. 2172ರವರೆಗೆ ಹೋಗುತ್ತದೆಂದು 2022ರಲ್ಲಿ ಪ್ರಕಟವಾಯಿತು. ಈ ಮಣ್ಣಿನಲ್ಲಿ ಎಲುಬು ಇಡಿಯಾಗಿ ಉಳಿಯುವುದು ಅಪರೂಪ, ಸಿಕ್ಕಿದ್ದನ್ನು ಕೆಡಿಸುವುದು ಸುಲಭ. ತಮಿಳುನಾಡಿನ ಪ್ರಾಚೀನ ಸಮಾಧಿನೆಲೆ ಆದಿಚ್ಚನಲ್ಲೂರಿನ ಬುರುಡೆಗಳ ಮೇಲೆ 1930ರಲ್ಲಿ ಬಂದ ವರದಿಯ ಕಾಲದಲ್ಲಿ ಜನಾಂಗ ಯಾವುದೆಂಬುದೇ ಮುಖ್ಯ ಪ್ರಶ್ನೆಯಾಗಿತ್ತು. ಇನ್ನು ಮುಂದೆ ಇಲ್ಲಿ ಹೊಲ ಉಳುವಾಗಲೋ ರಸ್ತೆ ಅಗೆಯುವಾಗಲೋ ಎಲುಬಿನ ತುಣುಕೊಂದು ಸಿಕ್ಕರೆ, ಅದರ ದಾಖಲೆಯ ನಮೂನೆಯಲ್ಲಿ ‘ಜನಾಂಗ’ ಎಂಬ ಅಂಕಣವೇ ಇರಬಾರದು ಎಂಬುದು ಈ ಗೋಷ್ಠಿಯ ಮುಂದೆ ನಾನಿಡುವ ಮೊದಲ ಸೂಚನೆ. ವಯಸ್ಸು, ಲಿಂಗ, ಹಲ್ಲಿನ ಸವೆತ, ಫ್ಲೋರೈಡ್ ಕಲೆ, ಪೆಟ್ಟಿನ ಗುರುತು ಮೊದಲು ಬರಲಿ. ಸಿಕ್ಕ ಜಾಗದಲ್ಲೇ ಫೋಟೊ ತೆಗೆಯಿರಿ. ಕಣತಲೆಯ ಮೂಳೆಯನ್ನು ಬರಿಗೈಯಲ್ಲಿ ಮುಟ್ಟದೆ ಬೇರೆಯಾಗಿ ಎತ್ತಿಡಿ. ಹಲ್ಲನ್ನು ಮಾತ್ರ ಯಾವ ಕಾರಣಕ್ಕೂ ತೊಳೆಯಬೇಡಿ, ಅದಕ್ಕೆ ಹತ್ತಿದ ಪಾಚಿಯಲ್ಲಿ ಆ ವ್ಯಕ್ತಿ ಉಂಡ ಧಾನ್ಯದ ಕಣ ಇನ್ನೂ ಕೂತಿರಬಹುದು.