ಮುಖದ ಅಳತೆ, ದವಡೆಯ ಚಿಕಿತ್ಸೆ

(ಶಾಲೆಯ ರಕ್ಷಕ-ಶಿಕ್ಷಕ ಸಂಘದ ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವರ್ಷಂಪ್ರತಿ ಈ ಸಭೆಯಲ್ಲಿ ಪರೀಕ್ಷೆಯ ಫಲಿತಾಂಶವನ್ನೂ ಕಟ್ಟಡದ ದುರಸ್ತಿಯನ್ನೂ ಕುರಿತು ನಿವೇದಿಸುವುದು ನನ್ನ ವಾಡಿಕೆ. ಅವೆರಡೂ ಈ ಸಲ ವರದಿಯಲ್ಲಿಯೇ ಅಚ್ಚಾಗಿವೆ. ಆದುದರಿಂದ ಇಂದು ಬೇರೊಂದು ವಿಷಯವನ್ನು ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇನೆ. ಅದು ಮನುಷ್ಯನ ಮುಖದ ವಿಷಯ. ಇದನ್ನು ಆರಿಸಿಕೊಳ್ಳಲು ಕಾರಣವಾದುದು ನನ್ನದೇ ಒಂದು ತಪ್ಪು. ಮೊದಲು ಅದನ್ನು ಹೇಳಿಬಿಡುವುದು ಉಚಿತ.

ಏಳು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಸಮೂಹಚಿತ್ರ ತೆಗೆಯಿಸುವ ದಿನ. ಹಿಂದಿನ ಸಾಲಿನ ಒಬ್ಬ ಹುಡುಗನ ಬಾಯಿ ಕೊಂಚ ತೆರೆದೇ ಇತ್ತು. “ಬಾಯಿ ಮುಚ್ಚಿ ನಿಲ್ಲು” ಎಂದು ನಾನು ಎಲ್ಲರ ಇದಿರಿನಲ್ಲಿ ಕೂಗಿದೆ. ಆತ ತುಟಿಗಳನ್ನು ಸೇರಿಸಲು ಹೆಣಗಿದ. ಗದ್ದದ ಮೇಲೆ ನೆರಿಗೆ ಬಿದ್ದಿತು. ಮರುಗಳಿಗೆಯಲ್ಲಿ ತುಟಿಗಳು ಮತ್ತೆ ಬೇರ್ಪಟ್ಟವು. ನಾನು ಎರಡನೆಯ ಸಲವೂ ಕೂಗಿದೆ. ಮಕ್ಕಳು ನಕ್ಕರು. ಆ ಚಿತ್ರ ಇಂದಿಗೂ ನನ್ನ ಕೊಠಡಿಯ ಗೋಡೆಯ ಮೇಲಿದೆ. ಅದರಲ್ಲಿ ಆತ ಬಾಯಿಗೆ ಕೈಯನ್ನು ಅಡ್ಡ ಹಿಡಿದಿದ್ದಾನೆ.

ಕೆಲವು ದಿನಗಳ ಬಳಿಕ ಆತನ ತಾಯಿ ಶಾಲೆಗೆ ಬಂದರು. ಹುಡುಗನ ಮೇಲಿನ ಮುಂಬಲ್ಲುಗಳೂ ಕೆಳಗಿನವೂ ಒಂದಕ್ಕೊಂದು ತಾಗುವುದೇ ಇಲ್ಲವೆಂದೂ, ಪೇರಳೆಹಣ್ಣನ್ನು ಕಚ್ಚಲಾರದುದರಿಂದ ಹೆಚ್ಚಿಯೇ ಕೊಡಬೇಕೆಂದೂ ಅವರಿಂದ ತಿಳಿಯಿತು. ಮಂಗಳೂರಿನ ದಂತವೈದ್ಯರು ಬೆಳವಣಿಗೆ ಮುಗಿದ ಮೇಲೆ ದವಡೆಯ ಶಸ್ತ್ರಚಿಕಿತ್ಸೆಯನ್ನು ಯೋಚಿಸಬಹುದೆಂದಿದ್ದರಂತೆ. “ಮಾಸ್ಟ್ರೇ, ದೇವರು ಕೊಟ್ಟ ಮೋರೆಯನ್ನು ಕೊಯ್ಯಿಸುವುದು ಸರಿಯೇ? ಚಂದಕ್ಕಾಗಿ ಇಷ್ಟೆಲ್ಲ ಮಾಡಿಸಿದರು ಎಂದು ಜನ ಆಡಿಕೊಳ್ಳಲಾರರೇ?” ಎಂದು ಆ ತಾಯಿ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಬಳಿಕ ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡುದನ್ನು ಇಂದು ಹೇಳುತ್ತಿದ್ದೇನೆ. ಹುಡುಗನ ಒಪ್ಪಿಗೆಯನ್ನು ಪಡೆದೇ ಈ ಪ್ರಸಂಗವನ್ನು ಎತ್ತಿದ್ದೇನೆ.

ಸುಂದರವಾದ ಮುಖಕ್ಕೆ ಒಂದು ಅಳತೆಯುಂಟೇ? ಉಂಟೆಂದು ಹಿಂದಿನಿಂದಲೂ ಹಲವರು ಹೇಳಿದ್ದಾರೆ. ನಮ್ಮ ಶಿಲ್ಪಶಾಸ್ತ್ರದಲ್ಲಿ ಮುಖವೇ ಅಳತೆಯ ಮೂಲಮಾನ. ಕೂದಲಿನ ಅಂಚಿನಿಂದ ಗದ್ದದ ತುದಿಯವರೆಗಿನ ಉದ್ದಕ್ಕೆ ತಾಳವೆಂದು ಹೆಸರು. ತಾಳಕ್ಕೆ 12 ಅಂಗುಲ. ಅದರಲ್ಲಿ ಹಣೆಗೆ 4, ಮೂಗಿಗೆ 4, ಮೂಗಿನ ಕೆಳಗಿನಿಂದ ಗದ್ದದವರೆಗೆ 4. ನವತಾಳದ ವಿಗ್ರಹವೆಂದರೆ 108 ಅಂಗುಲ. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸನೂ ಮುಖವನ್ನು ಹೀಗೆಯೇ ಮೂರು ಸಮಭಾಗ ಮಾಡಿದ್ದಾನೆ. ಇಂತಹ ಅಳತೆಯಿದ್ದರೆ ಶಿಲ್ಪಿಯ ಕೈ ಹಾದಿ ತಪ್ಪದು. ಆದರೆ ಶಾಸ್ತ್ರಕಾರರು ಎಲ್ಲರಿಗೂ ಒಂದೇ ಅಳತೆಯನ್ನು ಹೇರಲಿಲ್ಲ ಎಂಬುದನ್ನು ಗಮನಿಸಬೇಕು. ಗಣಪತಿಗೆ ಐದೇ ತಾಳವೆಂದು ಅವರು ವಿಧಿಸಿದರು; ಹಾಗೆಂದು ಮಧೂರಿನ ಗಣಪತಿಯ ಮುಂದೆ ಕೈಮುಗಿಯುವಾಗ ನಮ್ಮ ಭಕ್ತಿಯೇನೂ ಕಡಮೆಯಾಗಲಿಲ್ಲ. ಯಕ್ಷಗಾನದ ಚೌಕಿಯನ್ನು ನೀವು ನೋಡಿದ್ದೀರಿ. ಸ್ತ್ರೀವೇಷಕ್ಕೆ ನಯವಾದ ಮುಖವರ್ಣಿಕೆ; ಬಣ್ಣದ ವೇಷಕ್ಕೆ ಗಂಟೆಗಟ್ಟಲೆ ಕುಳಿತು ಚುಟ್ಟಿಯಿಟ್ಟು ಬೆಳೆಸಿದ ಭಯಂಕರವಾದ ಮುಖ. ಎರಡನ್ನೂ ನಾವು ಚಂದವೆಂದೇ ಹೇಳುತ್ತೇವೆ.

ಜರ್ಮನಿಯ ಚಿತ್ರಕಾರ ಡ್ಯೂರರನು ಅನೇಕ ಜನರನ್ನು ಅಳೆದು ಮಾನವಾಕೃತಿಯ ಪ್ರಮಾಣಗಳನ್ನು ಕುರಿತು ಬರೆದ ಗ್ರಂಥ ಅವನು ತೀರಿಕೊಂಡ 1528ರಲ್ಲಿ ಅಚ್ಚಾಯಿತು. ಅದರಲ್ಲಿರುವುದು ಒಂದು ಆದರ್ಶವಲ್ಲ. ತೆಳುವಾದವು, ದಪ್ಪವಾದವು, ಉದ್ದವಾದವು ಎಂದು ಹಲವು ಮಾದರಿಗಳು. ದಂತವೈದ್ಯರೂ ಈ ಗೊಂದಲದಿಂದ ಹೊರತಾಗಿರಲಿಲ್ಲ. ಹಲ್ಲುಗಳ ಜೋಡಣೆಯನ್ನು 1899ರಲ್ಲಿ ವರ್ಗೀಕರಿಸಿದ ಅಮೆರಿಕದ ಎಡ್ವರ್ಡ್ ಏಂಗಲ್ ಎಂಬ ಪ್ರಸಿದ್ಧ ವೈದ್ಯರು ಒಂದು ಕಾಲದಲ್ಲಿ ಬೆಲ್ವೆಡೇರಿನ ಅಪೋಲೋ ಎಂಬ ಅಮೃತಶಿಲೆಯ ವಿಗ್ರಹವನ್ನು ಸುಂದರಮುಖಕ್ಕೆ ಆದರ್ಶವಾಗಿ ತೋರಿಸುತ್ತಿದ್ದರು. ಆದರೆ ಕೆನಡಾದ ಲೆಸ್ಲಿ ಫಾರ್ಕಸ್ ಮತ್ತು ಸಂಗಡಿಗರು ಜೀವಂತ ತರುಣ ತರುಣಿಯರ ಮುಖಗಳನ್ನೇ ಅಳೆದು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಪ್ರಾಚೀನ ನಿಯಮಗಳು ಹೆಚ್ಚಿನವರಿಗೆ ಹೊಂದುವುದಿಲ್ಲವೆಂದು ಕಂಡಿತು. ಆ ಜನರಿಗೆ ಅಂಗವೈಕಲ್ಯವೇನೂ ಇರಲಿಲ್ಲ. ಆದುದರಿಂದ ಮೂರು ಸಮಭಾಗದ ನಿಯಮವು ಉಳಿ ಹಿಡಿದವನ ಕೈಗೆ ಆಧಾರವಾದೀತೇ ಹೊರತು, ಜೀವಂತ ಮುಖಕ್ಕೆ ತೀರ್ಪು ಕೊಡುವ ನ್ಯಾಯಾಧೀಶನಾಗಲಾರದು.

ವಿದ್ಯಾರ್ಥಿಗಳೇ, ನಿಮ್ಮ ಕಾಲದ ಕನ್ನಡಿಯೆಂದರೆ ಮೊಬೈಲು. ಅದರ ಮಾತನ್ನು ಪೂರ್ತಿ ನಂಬಬೇಡಿರಿ. ಕ್ಯಾಮೆರಾ ಸಮೀಪವಾದಷ್ಟೂ ಅದಕ್ಕೆ ಹತ್ತಿರವಿರುವ ಮೂಗು ದೊಡ್ಡದಾಗಿ, ದೂರದ ಕಿವಿ ಚಿಕ್ಕದಾಗಿ ಮೂಡುತ್ತದೆ. ಒಂದು ಅಡಿ ದೂರದಿಂದ ತೆಗೆದ ಚಿತ್ರದಲ್ಲಿ ಮೂಗಿನ ಅಗಲ, ಐದು ಅಡಿ ದೂರದಿಂದ ತೆಗೆದುದಕ್ಕಿಂತ ಸುಮಾರು ಶೇಕಡ 30ರಷ್ಟು ಹೆಚ್ಚು ಕಾಣುವುದೆಂದು 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕಹಾಕಿ ತೋರಿಸಿದ್ದಾರೆ. ಆ ದೋಷ ಮೂಗಿನದಲ್ಲ, ದೂರದ್ದು. ದವಡೆಯ ಗೆರೆ ಚೂಪಾಗಲೆಂದು ಗಟ್ಟಿ ರಬ್ಬರನ್ನು ಅಗಿಯುವುದು, ನಾಲಗೆಯನ್ನು ಅಂಗುಳಿಗೆ ಒತ್ತಿ ಹಿಡಿಯುವುದು ಮುಂತಾದ ಪ್ರಯೋಗಗಳೂ ನಮ್ಮ ತರಗತಿಗಳಿಗೆ ಬಂದಿವೆ. ಇವುಗಳಿಂದ ದವಡೆಯ ಎಲುಬಿನ ಆಕಾರ ಬದಲಾಗುವುದೆಂಬುದಕ್ಕೆ ತಕ್ಕ ಆಧಾರವಿಲ್ಲ. ಅತಿಯಾಗಿ ಅಗಿದರೆ ಕಿವಿಯ ಮುಂದಿನ ಕೀಲಿಗೆ ನೋವು ಬರುವುದು ಮಾತ್ರ ಸಾಧ್ಯ.

ಹಾಗಾದರೆ ದವಡೆಯ ದೋಷವೆಂಬುದೇ ಇಲ್ಲವೇ? ಉಂಟು. ಅದು ಅಂದಚಂದದ ಮಾತಲ್ಲ. ದವಡೆಯು ಕಚ್ಚುವ, ಅಗಿಯುವ, ಮಾತಾಡುವ ಅಂಗ. ಉಸಿರಿನ ದಾರಿಗೂ ಅದು ಆಸರೆ. ಮೇಲ್ದವಡೆ ಕೆಳದವಡೆಗಳು ಒಂದೇ ಪ್ರಮಾಣದಲ್ಲಿ ಬೆಳೆಯದಿದ್ದರೆ ಹಲ್ಲುಗಳು ಕೂಡುವುದಿಲ್ಲ. ಇದು ವಂಶದಲ್ಲಿ ಹರಿದುಬರುವುದುಂಟು. ಯೂರೋಪಿನ ಹ್ಯಾಬ್ಸ್‌ಬರ್ಗ್ ರಾಜಮನೆತನದ ಮುಂಚಾಚಿದ ಕೆಳದವಡೆ ತಲೆಮಾರುಗಳವರೆಗೆ ಚಿತ್ರಪಟಗಳಲ್ಲಿ ಕಾಣಸಿಗುತ್ತದೆ. ಅದೇ ವಂಶದ ಸ್ಪೇನಿನ ದೊರೆ ಎರಡನೆಯ ಚಾರ್ಲ್ಸ್ (1661-1700) ಆಹಾರವನ್ನು ಅಗಿಯುವುದಕ್ಕೇ ಕಷ್ಟಪಡುತ್ತಿದ್ದ. ರಾಜ್ಯವಿದ್ದರೂ ಆತನ ಕಾಲದಲ್ಲಿ ಅದಕ್ಕೆ ಮದ್ದಿರಲಿಲ್ಲ.

ಹೆತ್ತವರು ವಿಶೇಷವಾಗಿ ಗಮನಿಸಬೇಕಾದ ಮಾತೊಂದುಂಟು. ಚಿಕ್ಕ ಮಕ್ಕಳು ಗದ್ದ ನೆಲಕ್ಕೆ ಬಡಿಯುವಂತೆ ಬಿದ್ದಾಗ ಗದ್ದದ ಗಾಯಕ್ಕೆ ಹೊಲಿಗೆ ಹಾಕಿಸಿ ಸುಮ್ಮನಾಗುತ್ತೇವೆ. ಆದರೆ ಆ ಪೆಟ್ಟು ಕಿವಿಯ ಮುಂದಿನ ದವಡೆಯ ಕೀಲನ್ನು ಮುರಿದಿರಬಹುದು. ಅದನ್ನು ಅಲಕ್ಷಿಸಿದರೆ ಕೆಲವರಲ್ಲಿ ಕೀಲು ತಲೆಬುರುಡೆಗೆ ಬೆಸೆದುಕೊಂಡು ಬಾಯಿ ತೆರೆಯದಂತಾಗುತ್ತದೆ, ಕೆಳದವಡೆ ಬೆಳೆಯದೆ ಉಳಿಯುತ್ತದೆ. ಬಿದ್ದ ಮಗುವಿನ ಬಾಯಿ ಮೊದಲಿನಷ್ಟೇ ಅಗಲಕ್ಕೆ ತೆರೆಯುತ್ತದೆಯೇ ಎಂದು ನೋಡಿರಿ. ತೆರೆಯದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಿರಿ. ಮಗು ದೊಡ್ಡದಾದ ಮೇಲೂ ಬೆರಳು ಚೀಪುವುದನ್ನು ಬಿಡದಿದ್ದರೆ, ಸದಾ ಬಾಯಿಯಿಂದ ಉಸಿರಾಡುತ್ತಿದ್ದರೆ, ಅದನ್ನೂ ತೋರಿಸಿರಿ. ಏಳನೆಯ ವಯಸ್ಸಿನ ಹೊತ್ತಿಗೆ ದಂತವೈದ್ಯರು ಒಮ್ಮೆ ನೋಡಿದರೆ, ಕೆಲವು ದೋಷಗಳನ್ನು ಬೆಳೆಯುವ ವಯಸ್ಸಿನಲ್ಲಿಯೇ ಶಸ್ತ್ರವಿಲ್ಲದೆ ತಿದ್ದಬಹುದು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಗಾದೆ. ಮುದ್ದಾಗಿಯೇ ಇರಲಿ, ಆದರೆ ಮುದ್ದಿನಿಂದ ಕಣ್ಣು ಮಂಜಾಗದಿರಲಿ.

ಈಗ ಶಸ್ತ್ರಚಿಕಿತ್ಸೆಯ ಮಾತು. 1849ರಲ್ಲಿ ಅಮೆರಿಕದ ಸೈಮನ್ ಹಲ್ಲಿಹೆನ್ ಎಂಬ ವೈದ್ಯರು, ಬಾಲ್ಯದ ಸುಟ್ಟಗಾಯದಿಂದ ದವಡೆ ವಿರೂಪಗೊಂಡಿದ್ದ ಯುವತಿಯೊಬ್ಬಳ ಕೆಳದವಡೆಯನ್ನು ಕತ್ತರಿಸಿ ಸರಿಪಡಿಸಿದ್ದು ಈ ಬಗೆಯ ಚಿಕಿತ್ಸೆಯ ಆರಂಭವೆನ್ನುತ್ತಾರೆ. ಬಾಯಿಯ ಒಳಗಿನಿಂದಲೇ ಕೆಳದವಡೆಯನ್ನು ಎರಡೂ ಪಕ್ಕಗಳಲ್ಲಿ ಉದ್ದಕ್ಕೆ ಸೀಳಿ, ಮುಂದಕ್ಕೋ ಹಿಂದಕ್ಕೋ ಸರಿಸುವ ಕ್ರಮವನ್ನು ಟ್ರೌನರ್ ಮತ್ತು ಓಬ್ವೆಗೇಸರ್ ಎಂಬವರು 1957ರಲ್ಲಿ ಪ್ರಸಿದ್ಧಿಗೆ ತಂದರು. ಇದರಲ್ಲಿ ಕೊಯ್ತವೆಲ್ಲ ಬಾಯಿಯ ಒಳಗೇ ಇರುವುದರಿಂದ ಕೆನ್ನೆಯ ಮೇಲೆ ದೊಡ್ಡ ಕಲೆ ಉಳಿಯುವುದಿಲ್ಲ. ಮೇಲ್ದವಡೆಯನ್ನೂ ಇಂದು ಹೀಗೆಯೇ ಒಳಗಿನಿಂದ ಬಿಡಿಸಿ ಸರಿಸುತ್ತಾರೆ.

ಇದು ಒಂದು ದಿನದ ಕೆಲಸವಲ್ಲ. ಮೊದಲು ಹಲ್ಲುಗಳಿಗೆ ತಂತಿ ಕಟ್ಟಿಸಿ ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ ಕಾಯಬೇಕು. ಪೂರ್ಣ ಅರಿವಳಿಕೆ ಕೊಟ್ಟು, ಎಲುಬನ್ನು ಕತ್ತರಿಸಿ ಸರಿಸಿ, ಟೈಟೇನಿಯಂ ಪಟ್ಟಿ ಮತ್ತು ತಿರುಪುಗಳಿಂದ ಭದ್ರಪಡಿಸುತ್ತಾರೆ. ಆಮೇಲೆ ಗಂಜಿನೀರು, ಮೆದು ಆಹಾರ ಎಂದು ಸುಮಾರು ಆರು ವಾರಗಳ ಪಥ್ಯ. ಮತ್ತೆ ಕೆಲವು ತಿಂಗಳು ತಂತಿ. ಅಪಾಯಗಳನ್ನೂ ಮುಚ್ಚಿಡಬಾರದು. ಕೆಳದವಡೆಯೊಳಗೆ ಹಾದುಹೋಗುವ ನರಕ್ಕೆ ನೋವಾಗಿ ಕೆಳತುಟಿ, ಗದ್ದಗಳು ಮರಗಟ್ಟಬಹುದು; ಹಲವರಿಗೆ ಅದು ತಿಂಗಳುಗಳಲ್ಲಿ ಮರಳುತ್ತದೆ, ಕೆಲವರಿಗೆ ಕೊಂಚ ಶಾಶ್ವತವಾಗಿ ಉಳಿಯುತ್ತದೆ. ರಕ್ತಸ್ರಾವ, ಕೀವು, ದವಡೆ ಹಿಂದಿನ ಸ್ಥಾನದ ಕಡೆಗೆ ಮರಳಿ ಸರಿಯುವುದು ಇವೂ ಉಂಟು. ಕನ್ನಡಿಯಲ್ಲಿ ಕಾಣುವ ಮುಖವೂ ಬದಲಾಗುತ್ತದೆ. ಅದಕ್ಕೆ ಒಗ್ಗಿಕೊಳ್ಳಲು ಕಾಲ ಬೇಕು.

ಆದುದರಿಂದ ತೀರ್ಮಾನಕ್ಕೆ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ನನ್ನ ಬಿನ್ನಹ.

ಮೊದಲನೆಯದು: ಈ ದವಡೆ ತನ್ನ ಕೆಲಸವನ್ನು ಮಾಡುತ್ತಿದೆಯೇ? ಕಚ್ಚಲು, ಅಗಿಯಲು, ತುಟಿ ಮುಚ್ಚಲು, ನಿದ್ರೆಯಲ್ಲಿ ಉಸಿರಾಡಲು ಅಡ್ಡಿಯಿದ್ದರೆ ಚಿಕಿತ್ಸೆಯನ್ನು ಯೋಚಿಸುವುದರಲ್ಲಿ ನಾಚಿಕೆಯಿಲ್ಲ. ಮುರಿದ ಕಾಲನ್ನು ಜೋಡಿಸಿಕೊಂಡವನನ್ನು ನಾವು ಅಲಂಕಾರಪ್ರಿಯನೆನ್ನುವುದಿಲ್ಲ.

ಎರಡನೆಯದು: ಬೆಳವಣಿಗೆ ಮುಗಿದಿದೆಯೇ? ಹುಡುಗಿಯರಿಗೆ ಸುಮಾರು ಹದಿನಾರು ಹದಿನೇಳು, ಹುಡುಗರಿಗೆ ಹದಿನೆಂಟು ದಾಟುವವರೆಗೆ ಸಾಮಾನ್ಯವಾಗಿ ಕಾಯುತ್ತಾರೆ. ಮೊದಲೇ ಮಾಡಿಸಿದರೆ ದವಡೆ ಮತ್ತೆ ಬೆಳೆದು ಶ್ರಮವೆಲ್ಲ ವ್ಯರ್ಥವಾದೀತು. ಬೆಸೆದುಕೊಂಡ ಕೀಲಿನ ಮಾತು ಮಾತ್ರ ಬೇರೆ, ಅದಕ್ಕೆ ಕಾಯಬಾರದು.

ಮೂರನೆಯದು: ಇದು ಯಾರ ಬಯಕೆ? ಮುಖ ಯಾರದೋ ತೀರ್ಮಾನವೂ ಅವರದೇ ಆಗಬೇಕು. ಮದುವೆಯ ಮಾತುಕತೆಗೆ ಅನುಕೂಲವಾಗಲೆಂದು ಮಗಳನ್ನು ಒತ್ತಾಯಿಸುವುದು ಅನ್ಯಾಯ. ಅಂತೆಯೇ, ಪ್ರಾಯಕ್ಕೆ ಬಂದವನು ಚೆನ್ನಾಗಿ ತಿಳಿದು, ಅಂದಕ್ಕಾಗಿಯೇ ಬಯಸಿದರೂ, ಅವನನ್ನು ಹೀಗಳೆಯುವ ಹಕ್ಕು ನಮಗಿಲ್ಲ. ದಿನವೂ ತಲೆ ತಗ್ಗಿಸಿ ನಡೆಯುವ ನೋವು ಸಣ್ಣದಲ್ಲ. ಆದರೆ ಆ ನೋವು ಹುಟ್ಟಿದುದು ಎಲ್ಲಿಂದ? ಅಡ್ಡಹೆಸರಿನಿಂದಲೋ, ನಗೆಯಿಂದಲೋ, ಅಧ್ಯಾಪಕನ ಕೂಗಿನಿಂದಲೋ ಹುಟ್ಟಿದುದಾದರೆ, ನಮ್ಮ ನಾಲಗೆಯ ರೋಗಕ್ಕೆ ಅವನ ದವಡೆಗೆ ಶಸ್ತ್ರ ಹಾಕಿಸಿದಂತಾಗುವುದಿಲ್ಲವೇ? ಮೊದಲು ಗುಣವಾಗಬೇಕಾದುದು ನಾಲಗೆ.

ಆ ಹುಡುಗ ತನ್ನ ಹತ್ತೊಂಬತ್ತನೆಯ ವರ್ಷದಲ್ಲಿ ತಾನೇ ನಿಶ್ಚಯಿಸಿ ಎರಡು ದವಡೆಗಳಿಗೂ ಚಿಕಿತ್ಸೆ ಮಾಡಿಸಿಕೊಂಡ. ಕಳೆದ ವರ್ಷ ಶಾಲೆಗೆ ಬಂದಿದ್ದ. ಕೆಳತುಟಿಯ ಒಂದು ಮೂಲೆಯಲ್ಲಿ ಇನ್ನೂ ಸ್ಪರ್ಶ ಸರಿಯಾಗಿ ತಿಳಿಯುವುದಿಲ್ಲವೆಂದ. ಪೇರಳೆಹಣ್ಣನ್ನು ಕಚ್ಚಿ ತಿನ್ನುತ್ತೇನೆಂದೂ ಹೇಳಿದ. ಗೋಡೆಯ ಮೇಲಿನ ಚಿತ್ರವನ್ನು ತೋರಿಸಿ ನಾನು ಕ್ಷಮೆ ಕೇಳಿದೆ. “ಅದೆಲ್ಲ ನನಗೆ ನೆನಪಿಲ್ಲ, ಮಾಸ್ಟ್ರೇ” ಎಂದ. ನೆನಪಿದೆಯೆಂಬುದು ನನಗೆ ಗೊತ್ತು. ನನ್ನ ಮರ್ಯಾದೆಯನ್ನು ಉಳಿಸಲು ಆತ ಹಾಗೆಂದ.

ಈ ವರ್ಷದ ಸಮೂಹಚಿತ್ರವನ್ನು ಬರುವ ಸೋಮವಾರ ತೆಗೆಯಲಾಗುವುದು. ಯಾರನ್ನೂ ಮುಖ ನೋಡಿ ಹಿಂದಿನ ಸಾಲಿಗೆ ಕಳುಹಿಸುವುದಿಲ್ಲ. ಎತ್ತರ ನೋಡಿ ಮಾತ್ರ ನಿಲ್ಲಿಸುತ್ತೇವೆ. ಬಾಯಿ ತೆರೆದವರೂ ಮುಚ್ಚಿದವರೂ ತಮ್ಮ ತಮ್ಮ ಮುಖದೊಡನೆಯೇ ಬನ್ನಿರಿ.