ನಮ್ಮ ಕಾಲುನೋವಿಗೂ ಒಂದು ಲೆಕ್ಕ ಬೇಕು

(ಘೋಟಿಯಲ್ಲಿ ಸೇರಿದ್ದ ಹೆದ್ದಾರಿ ಹೋಟೆಲ್ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



ಮುಂಬಯಿಯಿಂದ ಹೊರಟು, ಕಸಾರಾ ಘಾಟಿಯನ್ನೇರಿ, ಇಗತಪುರಿಯನ್ನು ದಾಟಿ ನಾವು ಈ ಘೋಟಿಗೆ ಬಂದಿರುವುದು ಹಾರ ಹಾಕಿಸಿಕೊಳ್ಳಲಿಕ್ಕಲ್ಲ. ನಮ್ಮ ಅಡುಗೆ ಭಟ್ಟರೊಬ್ಬರ ಮಗಳ ಸಲುವಾಗಿ ನಾಲ್ಕು ಮಾತು ಆಡಲು ಬಂದಿದ್ದೇವೆ. ಆಕೆ ನರ್ಸಿಂಗ್ ವಿದ್ಯೆಯಲ್ಲಿ ಎಂ.ಎಸ್ಸಿ. ಮುಗಿಸಿ, ಈಗ ನಾಸಿಕದ ಮಹಾರಾಷ್ಟ್ರ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ್ದಾಳೆ. ಆಕೆ ಆರಿಸಿಕೊಂಡ ವಿಷಯ ನಮ್ಮ ಕಾಲು. ದಿನವಿಡೀ ನಿಂತೇ ದುಡಿಯುವ ಹೋಟೆಲ್ ಕೆಲಸಗಾರನ ಕಾಲಿನ ರಕ್ತನಾಳಗಳು ಉಬ್ಬುವುದು ಎಷ್ಟು ಮಂದಿಗೆ, ಎಷ್ಟು ವರ್ಷದ ದುಡಿಮೆಯ ಮೇಲೆ, ಏನು ಮಾಡಿದರೆ ಅದು ತಗ್ಗೀತು ಎಂಬುದನ್ನು ಆಕೆ ಕಂಡುಹಿಡಿಯಬೇಕಾಗಿದೆ.

ಆದರೆ ಪ್ರಶ್ನೆಗಳ ಹಾಳೆ ಹಿಡಿದು ಆಕೆ ಬಂದಾಗ ನಮ್ಮಲ್ಲಿ ಅನೇಕರು ಲುಂಗಿಯನ್ನು ಇಳಿಬಿಟ್ಟು, ‘ನಮಗೇನೂ ಇಲ್ಲ ತಂಗಿ’ ಎಂದು ಜಾರಿಕೊಂಡರಂತೆ. ಕಾರಣ ನಮಗೆ ಗೊತ್ತು. ಒಂದು, ಧಣಿಗಳಿಗೆ ತಿಳಿದರೆ ‘ಕಾಲು ಕೆಟ್ಟವನು, ಊರಿಗೆ ಹೋಗಲಿ’ ಎಂದಾರೆಂಬ ಹೆದರಿಕೆ. ಇನ್ನೊಂದು, ‘ಪದವಿ ಅವಳಿಗೆ, ನಮಗೇನು?’ ಎಂಬ ಮಾತು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಅವುಗಳಿಗೆ ಉತ್ತರ ಹೇಳಬೇಕಾದುದು ನಮ್ಮ ಧರ್ಮ.

ಮೊದಲು ಪಿಎಚ್.ಡಿ. ಎಂದರೇನೆಂದು ತಿಳಿಯೋಣ. ಏಳನೆಯ ತರಗತಿಗೆ ಶಾಲೆ ಬಿಟ್ಟ ನಾವು ಇದನ್ನು ಆಕೆಯಿಂದಲೇ ಕೇಳಿ ತಿಳಿದುಕೊಂಡೆವು. ಎಂ.ಡಿ. ಓದಿದವರು ತಿಳಿದಿರುವ ರೋಗಕ್ಕೆ ಮದ್ದು ಕೊಡುವುದರಲ್ಲಿ ನಿಪುಣರಾಗುತ್ತಾರೆ. ಪಿಎಚ್.ಡಿ. ಮಾಡುವವರು ಯಾರೂ ಇದುವರೆಗೆ ಉತ್ತರಿಸದ ಒಂದು ಪ್ರಶ್ನೆಗೆ ಸಾಕ್ಷಿಸಮೇತ ಉತ್ತರ ಕೊಡಬೇಕು. ಮಾರ್ಗದರ್ಶಕರಿರುತ್ತಾರೆ, ನೀತಿ ಸಮಿತಿಯ ಒಪ್ಪಿಗೆ ಬೇಕು, ಪ್ರಬಂಧ ಬರೆದು ಪರೀಕ್ಷಕರೆದುರು ನಿಂತು ಸಮರ್ಥಿಸಬೇಕು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ನಿಯಮದಂತೆ ಇದಕ್ಕೆ ಕಡಿಮೆಯೆಂದರೆ 3 ವರ್ಷ, ಹೆಚ್ಚೆಂದರೆ 6 ವರ್ಷ. ಹೆಂಗಸರಿಗೆ ಇನ್ನೆರಡು ವರ್ಷದ ಸಡಿಲಿಕೆಯುಂಟು. ಅಷ್ಟು ವರ್ಷ ಮಗಳ ಸಂಬಳವನ್ನು ನಂಬದೆ ಕಾವಲಿಯ ಮುಂದೆ ನಿಲ್ಲಲು ಒಪ್ಪಿದ ಆ ಭಟ್ಟರಿಗೆ ನಮ್ಮ ನಮಸ್ಕಾರ.

ಇನ್ನು, ‘ನಮಗೇನು?’ ಎಂಬುದಕ್ಕೆ ಬರೋಣ. ನಮ್ಮ ನಾಡಿನ ಕೋಲಾರದ ಚಿನ್ನದ ಗಣಿಯನ್ನು ನೆನೆಯಿರಿ. ಆಳದಲ್ಲಿ ಬಂಡೆ ಕೊರೆಯುವವರ ಎದೆಯಲ್ಲಿ ಕಲ್ಲಿನ ಧೂಳು ಕೂತು ಕೆಮ್ಮು ಹತ್ತುತ್ತಿತ್ತು. ಒಬ್ಬೊಬ್ಬನ ಕೆಮ್ಮು ಒಬ್ಬೊಬ್ಬನ ಹಣೆಬರಹವಾಗಿತ್ತು. 1940ರಿಂದ 1946ರವರೆಗೆ ಅಲ್ಲಿ 7,600ಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ 100ಕ್ಕೆ 40ಕ್ಕೂ ಮಿಕ್ಕಿ ಜನರಲ್ಲಿ ಸಿಲಿಕೋಸಿಸ್ ಕಂಡುಬಂದಿತು. ಒಬ್ಬನು ಕೆಮ್ಮಿದರೆ ‘ಬೀಡಿ ಸೇದಿದ್ದಾನೆ’ ಎನ್ನಬಹುದು. ನೂರರಲ್ಲಿ ನಲವತ್ತು ಮಂದಿ ಕೆಮ್ಮಿದರೆ ಯಾರೂ ಹಾಗೆನ್ನಲಾರರು. 1948ರ ಕಾರ್ಖಾನೆ ಕಾಯಿದೆಯಲ್ಲಿ, ಸರಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ, ಈ ರೋಗದ ಹೆಸರೂ ಸೇರಿತು. ಗಣಿ 2001ರಲ್ಲಿ ಮುಚ್ಚಿತು. ಆ ಲೆಕ್ಕ ಮಾತ್ರ ಉಳಿದಿದೆ.

ನಮ್ಮದೇ ಮಾತು ಹೇಳುವುದಾದರೆ, ಒಂದು ಹೋಟೆಲಿನ ಮೋರಿಯಲ್ಲಿ ತಟ್ಟೆ ತೊಳೆಯುತ್ತಿದ್ದಾಗ ನಮ್ಮ ಬೆರಳುಗಳ ಸಂದು ಬಿರಿದು ರಕ್ತ ಬರುತ್ತಿತ್ತು. ಜೊತೆಯ ಹುಡುಗರಿಗೂ ಹಾಗೆಯೇ. ಒಬ್ಬೊಬ್ಬರೂ ತೆಂಗಿನೆಣ್ಣೆ ಸವರಿಕೊಂಡು ಸುಮ್ಮನಾದೆವು. ಯಾರೂ ಬರೆದಿಡಲಿಲ್ಲ. ಬರೆದಿಡದ ನೋವನ್ನು ಯಾವ ಕಚೇರಿಯ ಮೇಜಿನ ಮೇಲೂ ಇಡಲಾಗುವುದಿಲ್ಲ.

ನಿಂತು ದುಡಿಯುವವರು ಉಬ್ಬಿದ ರಕ್ತನಾಳಕ್ಕಾಗಿ ಆಸ್ಪತ್ರೆ ಸೇರುವುದು ಹೆಚ್ಚೆಂದು ಡೆನ್ಮಾರ್ಕಿನವರು 2005ರಲ್ಲಿ ಪ್ರಕಟಿಸಿದ್ದಾರೆ. ಆದರೆ ಅಲ್ಲಿಯ ಚಳಿಯೇ ಬೇರೆ, ನಮ್ಮ ಒಲೆಯ ಕಾವು, ಒದ್ದೆ ನೆಲ, ವಾರದ ರಜೆಯಿಲ್ಲದ ದುಡಿಮೆಯೇ ಬೇರೆ. ನಮ್ಮ ಲೆಕ್ಕವನ್ನು ನಾವೇ ಬರೆಯಿಸಬೇಕು.

ಹೆದರಿಕೆಯ ಮಾತನ್ನೂ ಮುಚ್ಚಿಡಲಾರೆವು. ಸಂಶೋಧನೆಯ ಹೆಸರಿನಲ್ಲಿ ಬಡವರಿಗೆ ದ್ರೋಹವಾದುದುಂಟು. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ನೂರಾರು ಮಂದಿ ಬಡ ಕರಿಯ ಗಂಡಸರ ಸಿಫಿಲಿಸ್ ರೋಗವನ್ನು ನೋಡುತ್ತ ಕುಳಿತರೇ ಹೊರತು, ಪೆನಿಸಿಲಿನ್ ಬಂದ ಮೇಲೂ ಅದನ್ನು ಕೊಡಲಿಲ್ಲ. ವೈದ್ಯರು ಹೀಗೆ ನಡೆಯಬಾರದೆಂದು ಹೇಳುವ ಹೆಲ್ಸಿಂಕಿ ಘೋಷಣೆ 1964ರಲ್ಲಿ ಬಂದಿತ್ತು. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ 2017ರ ನೀತಿ ಸೂಚನೆಗಳಿವೆ. ತಿಳಿದು ಒಪ್ಪಿದ ಮೇಲಷ್ಟೇ ನಮ್ಮನ್ನು ಪರೀಕ್ಷಿಸಬೇಕು. ನಮ್ಮ ಗುಟ್ಟು ಕಾಪಾಡಬೇಕು. ಬೇಡವೆನಿಸಿದ ದಿನ ನಾವು ಹಿಂದೆ ಸರಿಯಬಹುದು. ಇದು ಯಾರದೋ ಕೃಪೆಯಲ್ಲ, ನಮ್ಮ ಹಕ್ಕು.

ಆದುದರಿಂದ ಮಗಳೇ, ನಿನ್ನಲ್ಲಿ ನಮ್ಮ ನಾಲ್ಕು ಬೇಡಿಕೆಗಳು. ಒಪ್ಪಿಗೆಯ ಪತ್ರವನ್ನು ಕನ್ನಡದಲ್ಲೂ ಮರಾಠಿಯಲ್ಲೂ ಓದಿ ಹೇಳು. ನಮ್ಮ ಹೆಸರು, ಹೋಟೆಲಿನ ಹೆಸರು ಧಣಿಗಳ ಕೈಗೆ ಹೋಗದಿರಲಿ. ಪ್ರಶ್ನೆಗಳನ್ನು ಗಲ್ಲಾದ ಎದುರು ಕೇಳಬೇಡ, ರಜೆಯ ಹೊತ್ತಿಗೆ ಕೋಣೆಗೆ ಬಾ. ಕೊನೆಯದಾಗಿ, ಪ್ರಬಂಧ ಮುಗಿದ ದಿನ ಇದೇ ಘೋಟಿಗೆ ಬಂದು, ಏನು ಕಂಡೆಯೋ ಅದನ್ನು ನಮಗೆ ತಿಳಿಯುವ ಮಾತಿನಲ್ಲಿ ಹೇಳು.

ಬಂಧುಗಳೆ, ಆಕೆ ಇದಕ್ಕೆ ಒಪ್ಪಿದ್ದಾಳೆ. ಇನ್ನು ನಮ್ಮ ಸರದಿ. ಮುಂದಿನ ಸಲ ಆಕೆ ಬಂದಾಗ ನೋವನ್ನು ಹೆಚ್ಚಿಸಿ ಹೇಳಬೇಡಿ, ಕಡಿಮೆ ಮಾಡಿಯೂ ಹೇಳಬೇಡಿ. ಇದ್ದದ್ದನ್ನು ಇದ್ದಂತೆ ಹೇಳಿರಿ. ಕುಳಿತುಕೊಳ್ಳಲು ಒಂದು ಸ್ಟೂಲು, ಗಳಿಗೆಯ ಬಿಡುವು ಕೇಳಲು ನಾಳೆ ನಾವು ಧಣಿಗಳ ಮುಂದೆ ಹೋದಾಗ ಆ ಸತ್ಯವೇ ನಮಗೆ ಆಧಾರವಾದೀತು.